ಗಡಿಗೆ ವೈರಸ್ಸಿನದು, ದಾರ ಜೀವಕೋಶದ್ದು

ಪ್ರಶ್ನೆ: ನಾನು ಕೊಪ್ಪಳ ಜಿಲ್ಲೆಯ ಕುಷ್ಟಗಿ ತಾಲ್ಲೂಕಿನವನು, ಬಿ.ಎಸ್ಸಿ. ಎರಡನೇ ವರ್ಷ ಓದುತ್ತಿದ್ದೇನೆ. ಮನೆಯಲ್ಲಿ ಎಂಬತ್ತು ಕೆಂಗುರಿಗಳಿವೆ. ಕಳೆದ ಮಳೆಗಾಲದ ಕೊನೆಯಲ್ಲಿ ನೀಲಿನಾಲಿಗೆ ರೋಗ ಬಂದು ಆರು ಕುರಿ ಸತ್ತವು. ವೈರಸ್ಸು ಜೀವಕೋಶವನ್ನು ಒಡೆದು ಹೊರಬರುತ್ತದೆ ಎಂದು ಪಠ್ಯದಲ್ಲಿದೆ. ನಮ್ಮ ಅಧ್ಯಾಪಕರು ಮಾತ್ರ ಜೀವಕೋಶದ ಸ್ವಂತ ಪ್ರೋಟೀನುಗಳೇ ಅದನ್ನು ಹೊರಗೆ ಕಳಿಸಿಕೊಡುತ್ತವೆ ಎಂದರು. ಶತ್ರುವಿಗೆ ದೇಹವೇ ಏಕೆ ನೆರವಾಗುತ್ತದೆ? ಆ ಪ್ರೋಟೀನುಗಳನ್ನು ತಡೆಯುವ ಔಷಧ ಮಾಡಿದರೆ ಎಲ್ಲ ವೈರಸ್ ರೋಗಗಳಿಗೂ ಒಂದೇ ಮದ್ದು ಸಿಗುವುದಿಲ್ಲವೇ?

ಉತ್ತರ: ನಿಮ್ಮ ಪಠ್ಯವೂ ಸರಿ, ಅಧ್ಯಾಪಕರೂ ಸರಿ. ನಿಮ್ಮ ಮಂದೆಯನ್ನು ಹೊಕ್ಕ ನೀಲಿನಾಲಿಗೆಯ ವೈರಸ್ಸು ಈ ಎರಡೂ ದಾರಿಗಳನ್ನು ಬಲ್ಲದು. ಅದರ ಕತೆಗೆ ಆಮೇಲೆ ಬರುತ್ತೇನೆ. ಆರು ಕುರಿ ಕಳೆದುಕೊಂಡ ಮನೆಯವರು ನಷ್ಟದ ಲೆಕ್ಕದಲ್ಲೇ ನಿಲ್ಲದೆ ಇಂಥ ಪ್ರಶ್ನೆ ಕೇಳಿದ್ದು ನನ್ನ ಮನಸ್ಸಿಗೆ ಬಹಳ ಹಿಡಿಸಿತು. ಬಳ್ಳಾರಿಯಲ್ಲಿದ್ದುಕೊಂಡು ಮೂವತ್ತು ವರ್ಷ ಪ್ರಾಣಿಗಳ ವೈರಸ್ ರೋಗಗಳ ಹಿಂದೆ ಬಿದ್ದವನು ನಾನು. ವೈರಸ್ಸು ಒಳಗೆ ಹೇಗೆ ಹೊಕ್ಕುತ್ತದೆ ಎಂದು ಕೇಳಿದವರು ಬಹಳ ಮಂದಿ, ಹೇಗೆ ಹೊರಬರುತ್ತದೆ ಎಂದು ಕೇಳಿದವರು ಕಡಿಮೆ. ರೋಗ ಒಂದು ಕುರಿಯಿಂದ ಇನ್ನೊಂದಕ್ಕೆ ದಾಟಬೇಕಾದರೆ ಮೊದಲು ಅದು ಜೀವಕೋಶದಿಂದ ಹೊರಬರಲೇಬೇಕು.

ಪಠ್ಯದಲ್ಲಿರುವ 'ಒಡೆದು ಹೊರಬರುವ' ಚಿತ್ರ ಹೆಚ್ಚಾಗಿ ಬ್ಯಾಕ್ಟೀರಿಯಾಗಳಿಗೆ ತಗಲುವ ಫೇಜ್ ಎಂಬ ವೈರಸ್ಸುಗಳಿಂದ ಬಂದದ್ದು. ಬ್ಯಾಕ್ಟೀರಿಯಾಕ್ಕೆ ಗಟ್ಟಿ ಗೋಡೆಯಿದೆ. ಅದನ್ನು ಕರಗಿಸುವ ಕಿಣ್ವವನ್ನು ಫೇಜ್ ತಾನೇ ಹೊತ್ತುಕೊಂಡ ವಂಶವಾಹಿಯಿಂದ ತಯಾರಿಸಿಕೊಂಡು, ಹೊತ್ತು ನೋಡಿ ಗೋಡೆ ಕೆಡವಿ ಹೊರನುಗ್ಗುತ್ತದೆ. ಕುರಿಯ ಜೀವಕೋಶಕ್ಕಾಗಲಿ ನಮ್ಮ ಜೀವಕೋಶಕ್ಕಾಗಲಿ ಅಂಥ ಗೋಡೆಯಿಲ್ಲ. ಇರುವುದು ಕೊಬ್ಬಿನ ಎರಡು ಪದರಗಳ ಪೊರೆ. ಮಿಲಿಮೀಟರಿನ ಹತ್ತು ಲಕ್ಷದಲ್ಲಿ ಒಂದು ಪಾಲನ್ನು ನ್ಯಾನೊಮೀಟರ್ ಎನ್ನುತ್ತೇವಲ್ಲ, ಆ ಲೆಕ್ಕದಲ್ಲಿ ಪೊರೆಯ ದಪ್ಪ ಸುಮಾರು 5. ಎಚ್‌ಐವಿಯ ಒಂದು ಕಣದ ಅಗಲ 100ಕ್ಕಿಂತ ತುಸು ಹೆಚ್ಚು. ತೆಳುವಾದರೂ ಈ ಪೊರೆ ಸುಲಭಕ್ಕೆ ಬಿಟ್ಟುಕೊಡುವುದಿಲ್ಲ. ಸಣ್ಣ ತೂತು ಬಿದ್ದರೆ ಕೂಡಿಕೊಳ್ಳುತ್ತದೆ, ಒಳಗಿನಿಂದ ತಳ್ಳಿದರೆ ಹರಿಯದೆ ಉಬ್ಬುತ್ತದೆ.

ಈ ಉಬ್ಬುವ ಗುಣವನ್ನೇ ಅನೇಕ ವೈರಸ್ಸುಗಳು ಬಳಸಿಕೊಳ್ಳುತ್ತವೆ. ಎಚ್‌ಐವಿಯಲ್ಲಿ ಗ್ಯಾಗ್ ಎಂಬ ಪ್ರೋಟೀನಿದೆ. ಅದರ ಎರಡು ಸಾವಿರಕ್ಕೂ ಹೆಚ್ಚು ಅಣುಗಳು ಪೊರೆಯ ಒಳಮೈಗೆ ಅಂಟಿ, ಒಂದರ ಪಕ್ಕ ಒಂದು ಒತ್ತಿ ಕೂತು, ಬೋಗುಣಿಯಂತೆ ಬಾಗುತ್ತ ಹೋಗುತ್ತವೆ. ಪೊರೆ ಅವುಗಳ ಜೊತೆ ಹೊರಕ್ಕೆ ಉಬ್ಬುತ್ತದೆ. ಉಬ್ಬಿ ಉಬ್ಬಿ ದುಂಡಗಾಗುತ್ತದೆ. ಕೊನೆಗೆ ಒಂದು ಸಣ್ಣ ಕೊರಳು ಮಾತ್ರ ಉಳಿದು, ಆ ಕೊರಳಿನಿಂದ ವೈರಸ್ಸು ಜೀವಕೋಶಕ್ಕೆ ನೇತುಬಿದ್ದಿರುತ್ತದೆ. ಕಷ್ಟವಿರುವುದು ಇಲ್ಲಿ.

ಕುಂಬಾರರ ಮನೆಯ ಮುಂದೆ ನಿಂತು ನೋಡಿದ್ದೀರಾ? ತಿಗರಿಯ ಮೇಲೆ ಮಣ್ಣಿನ ಮುದ್ದೆ ತಿರುಗುತ್ತಿರುತ್ತದೆ. ಕೈಯ ಒತ್ತಿನಲ್ಲಿ ಗಡಿಗೆ ಏಳುತ್ತದೆ, ಹೊಟ್ಟೆ ಬರುತ್ತದೆ, ಬಾಯಿ ಬರುತ್ತದೆ. ಎಲ್ಲವೂ ಮುಗಿಯಿತು ಎನಿಸಿದರೂ ಗಡಿಗೆ ಇನ್ನೂ ಮುದ್ದೆಗೇ ಅಂಟಿಕೊಂಡಿರುತ್ತದೆ. ಆಗ ಕುಂಬಾರ ಒಂದು ಎಳೆ ದಾರವನ್ನು ಬುಡಕ್ಕೆ ತಂದು ಸರ್ರನೆ ಎಳೆಯುತ್ತಾನೆ. ಆ ದಾರ ಎಳೆದ ಮೇಲೆಯೇ ಗಡಿಗೆ ಗಡಿಗೆಯಾಗುತ್ತದೆ. ವೈರಸ್ಸಿಗೆ ಗಡಿಗೆ ಮಾಡಲು ಬರುತ್ತದೆ. ದಾರ ಅದರ ಹತ್ತಿರ ಇಲ್ಲ.

ದಾರ ಬೇರೆಯವರದು ಎಂಬ ಸುಳಿವು ಸಿಕ್ಕಿದ್ದು 1991ರಲ್ಲಿ. ಹೀನ್ರಿಖ್ ಗಾಟ್ಲಿಂಗರ್ ಮತ್ತು ಸಂಗಡಿಗರು ಅಮೆರಿಕದಲ್ಲಿ ಗ್ಯಾಗ್ ಪ್ರೋಟೀನಿನ ಬಾಲದ ತುದಿಯಲ್ಲಿರುವ ಪಿ6 ಎಂಬ ಪುಟ್ಟ ತುಣುಕನ್ನು ಕೆಡಿಸಿ ನೋಡಿದರು. ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಚಿತ್ರಗಳಲ್ಲಿ ವೈರಸ್ ಕಣಗಳು ಜೀವಕೋಶದ ಮೈತುಂಬ ಎದ್ದಿದ್ದವು, ದುಂಡಗೂ ಆಗಿದ್ದವು. ಆದರೆ ಬಿಟ್ಟು ಹೋಗಿರಲಿಲ್ಲ. ಪ್ರತಿಯೊಂದೂ ಒಂದು ತೊಟ್ಟಿನ ತುದಿಯಲ್ಲಿ ನಿಂತಿತ್ತು. ಬೀಜಕ್ಕೆಂದು ಬಿಟ್ಟ ಈರುಳ್ಳಿ ಹೊಲವನ್ನು ಹೂ ಬಿಟ್ಟಾಗ ನೋಡಿದ್ದರೆ ನಿಮಗೆ ಆ ಚಿತ್ರ ಗೊತ್ತು: ದಂಟಿನ ತುದಿಗೆ ದುಂಡನೆಯ ಬಿಳಿ ಚೆಂಡು, ಹೊಲದ ತುಂಬ ಅವೇ. ಮೊದಲ ಬಾರಿ ಆ ಚಿತ್ರ ನೋಡಿದಾಗ ನಾನು ಪುಟ ತಿರುಗಿಸದೆ ಬಹಳ ಹೊತ್ತು ಕುಳಿತಿದ್ದೆ. ಇಡೀ ವೈರಸ್ಸನ್ನು ಕಟ್ಟಿ ನಿಲ್ಲಿಸುವ ಪ್ರೋಟೀನು ಸರಿಯಾಗಿದೆ. ಬಾಲದ ಒಂದು ಚೂರು ಕೆಟ್ಟಿತು ಎಂದರೆ ಅಷ್ಟೂ ಕಣಗಳು ಕಟ್ಟಿಹಾಕಿದಂತೆ ನಿಲ್ಲುತ್ತವೆ. ಆ ಚೂರು ಯಾರನ್ನೋ ಕರೆಯುತ್ತಿದೆ ಎಂಬುದು ಸ್ಪಷ್ಟವಾಗಿತ್ತು. ಯಾರನ್ನು ಎಂಬುದು ತಿಳಿಯಲು ಇನ್ನೂ ಹತ್ತು ವರ್ಷ ಹಿಡಿಯಿತು.

ಉತ್ತರ ಬಂದದ್ದು ವೈರಸ್ಸಿಗೆ ಸಂಬಂಧವೇ ಇಲ್ಲದ ಕಡೆಯಿಂದ, ಬ್ರೆಡ್ಡು ಉಬ್ಬಿಸುವ ಯೀಸ್ಟಿನಿಂದ. ಅಮೆರಿಕದ ವಿಜ್ಞಾನಿ ಸ್ಕಾಟ್ ಎಮರ್ ಅವರ ತಂಡ ಯೀಸ್ಟ್ ಜೀವಕೋಶ ತನ್ನ ಹಳೆಯ ಪ್ರೋಟೀನುಗಳನ್ನು ಹೇಗೆ ವಿಲೇವಾರಿ ಮಾಡುತ್ತದೆ ಎಂಬುದನ್ನು ಹುಡುಕುತ್ತಿತ್ತು. ಪೊರೆಯ ಮೇಲೆ ಕೆಲಸ ಮುಗಿಸಿದ ಪ್ರೋಟೀನುಗಳನ್ನು ಜೀವಕೋಶ ಒಂದು ಚಿಕ್ಕ ಚೀಲದೊಳಕ್ಕೆ ತಂದು, ಆ ಚೀಲದ ಪೊರೆಯನ್ನೇ ಒಳಮುಖವಾಗಿ ಉಬ್ಬಿಸಿ, ಪುಟ್ಟ ಪುಟ್ಟ ಗುಳ್ಳೆಗಳಾಗಿ ಕತ್ತರಿಸಿ ಒಳಕ್ಕೆ ಉದುರಿಸುತ್ತದೆ. ಆಮೇಲೆ ಇಡೀ ಚೀಲ ಜೀರ್ಣವಾಗುವ ಜಾಗಕ್ಕೆ ಹೋಗುತ್ತದೆ. ಈ ಕತ್ತರಿಸುವ ಕೆಲಸ ಮಾಡುವ ಪ್ರೋಟೀನುಗಳ ತಂಡಗಳನ್ನು ಅವರು 2001 ಮತ್ತು 2002ರಲ್ಲಿ ಗುರುತಿಸಿ 'ಎಸ್ಕಾರ್ಟ್' ಎಂದು ಕರೆದರು. ಮಂತ್ರಿಗಳ ಕಾರಿನ ಹಿಂದೆ ಮುಂದೆ ಓಡುವ ಎಸ್ಕಾರ್ಟ್ ವಾಹನದ ಅದೇ ಪದ. ಸಾಮಾನನ್ನು ಕೈಯಿಂದ ಕೈಗೆ ದಾಟಿಸಿ ತಲುಪಿಸುವ ತಂಡಗಳಾದ್ದರಿಂದ ಹೆಸರು ಒಪ್ಪುತ್ತದೆ.

ಅದೇ 2001ರಲ್ಲಿ ಅಮೆರಿಕದ ಯೂಟಾ ರಾಜ್ಯದ ವೆಸ್ಲಿ ಸಂಡ್‌ಕ್ವಿಸ್ಟ್ ಅವರ ತಂಡವೂ ಬೇರೆ ಕೆಲವು ಪ್ರಯೋಗಾಲಯಗಳೂ ಎಚ್‌ಐವಿಯ ಆ ಬಾಲದ ಚೂರು ಹಿಡಿಯುವುದು ಟಿಎಸ್‌ಜಿ101 ಎಂಬ ಪ್ರೋಟೀನನ್ನು ಎಂದು ತೋರಿಸಿದವು. ಟಿಎಸ್‌ಜಿ101 ಎಂದರೆ ಎಸ್ಕಾರ್ಟ್ ತಂಡದ ಸದಸ್ಯನೇ. ಮಾನವ ಜೀವಕೋಶಗಳಲ್ಲಿ ಅದನ್ನು ಇಲ್ಲವಾಗಿಸಿದಾಗ ಎಚ್‌ಐವಿ ಹೊರಬರುವುದು ನಿಂತಿತು, ಮತ್ತೆ ಅದೇ ಈರುಳ್ಳಿ ಹೂವಿನ ಚಿತ್ರ.

ವೈರಸ್ಸು ಟಿಎಸ್‌ಜಿ101ನ್ನು ಹೇಗೆ ಒಲಿಸಿಕೊಳ್ಳುತ್ತದೆ ಎಂಬುದನ್ನು ಸ್ವಲ್ಪ ಹತ್ತಿರದಿಂದ ನೋಡಿ, ನಿಮ್ಮ ಮೊದಲ ಪ್ರಶ್ನೆಯ ಉತ್ತರ ಅಲ್ಲಿದೆ. ಗ್ಯಾಗ್ ಬಾಲದ ಆ ಚೂರಿನಲ್ಲಿ ಪ್ರೋಟೀನಿನ ಅಕ್ಷರಗಳು ಎನ್ನಬಹುದಾದ ಅಮೈನೊ ಆಮ್ಲಗಳು ನಾಲ್ಕು ಸಾಲಾಗಿವೆ: ಪ್ರೋಲಿನ್, ಥ್ರಿಯೊನಿನ್, ಅಲನಿನ್, ಪ್ರೋಲಿನ್. ಜೀವಕೋಶದ ಒಳಗೆ ಎಚ್‌ಆರ್‌ಎಸ್ ಎಂಬ ಇನ್ನೊಂದು ಪ್ರೋಟೀನಿದೆ. ವಿಲೇವಾರಿ ಚೀಲದ ಬಳಿ ನಿಂತು 'ಇಲ್ಲಿ ಕೆಲಸವಿದೆ, ಬಾ' ಎಂದು ಟಿಎಸ್‌ಜಿ101ನ್ನು ಕರೆಯುವುದು ಅದರ ಕೆಲಸ. ಅದರ ಮೈಮೇಲೂ ನಾಲ್ಕು ಅಕ್ಷರಗಳ ಅಂಥದೇ ಗುರುತು: ಪ್ರೋಲಿನ್, ಸೆರಿನ್, ಅಲನಿನ್, ಪ್ರೋಲಿನ್. ಒಂದೇ ಅಕ್ಷರ ಬೇರೆ. ಕಾಲುವೆಯ ತೂಬಿನ ಬಳಿ ನೀರುಗಂಟಿ ನಿಂತಿದ್ದಾನೆ ಎಂದುಕೊಳ್ಳಿ. ಮೇಲಿನವರ ಚೀಟಿ ತೋರಿಸಿದವರ ಹೊಲಕ್ಕೆ ನೀರು ಬಿಡುವುದು ಅವನಿಗೆ ಒಪ್ಪಿಸಿದ ಕೆಲಸ. ಯಾರೋ ಆ ಚೀಟಿಯ ನಕಲು ಮಾಡಿ ತಂದರೆ ಅವನು ತೂಬು ಎತ್ತುತ್ತಾನೆ. ಅವನು ಕಳ್ಳನಿಗೆ ನೆರವಾದನೆಂದು ಹೇಳಬಹುದೇ? ಚೀಟಿ ನೋಡಿ ನೀರು ಬಿಟ್ಟ, ತನ್ನ ಕೆಲಸ ಮಾಡಿದ. ಟಿಎಸ್‌ಜಿ101 ಮಾಡುವುದೂ ಅಷ್ಟೇ. ನಾಲ್ಕಕ್ಷರದ ಚೀಟಿ ಕಂಡಲ್ಲಿಗೆ ಬರುತ್ತದೆ. ಚೀಟಿ ಬರೆದದ್ದು ವೈರಸ್ಸು ಎಂದು ತಿಳಿಯಲು ಅದರ ಹತ್ತಿರ ಏನೂ ಇಲ್ಲ.

ಟಿಎಸ್‌ಜಿ101 ಸ್ವತಃ ಕತ್ತರಿಸುವುದಿಲ್ಲ, ಕತ್ತರಿಸುವವರನ್ನು ಕರೆತರುತ್ತದೆ. ಸಿಎಚ್‌ಎಂಪಿ4 ಎಂಬ ಪ್ರೋಟೀನು ಮತ್ತು ಅದರ ಬಂಧುಗಳು ಬಂದು ಕೊರಳಿನ ಒಳಮೈಗೆ ಸುರುಳಿ ಸುರುಳಿಯಾಗಿ ಎಳೆ ಹೆಣೆಯುತ್ತವೆ. ಕುಂಬಾರನ ಹೋಲಿಕೆ ಇಲ್ಲಿ ಸ್ವಲ್ಪ ಸೋಲುತ್ತದೆ. ಅವನ ದಾರ ಹೊರಗಿನಿಂದ ಬರುತ್ತದೆ, ಇಲ್ಲಿನ ದಾರ ಕೊರಳಿನ ಒಳಗೆ ಕುಳಿತು ಪೊರೆಯನ್ನು ತನ್ನತ್ತ ಸೆಳೆದುಕೊಳ್ಳುತ್ತದೆ. ಜೀವಕೋಶದಲ್ಲಿ ಹೊರಗಿನಿಂದ ಕೊರಳು ಬಿಗಿದು ಕತ್ತರಿಸುವ ಪ್ರೋಟೀನುಗಳೂ ಇವೆ, ಆದರೆ ಜೀವಕೋಶದಿಂದ ದೂರಕ್ಕೆ ಉಬ್ಬಿದ ಗುಳ್ಳೆಯ ಕೊರಳಿಗೆ ಹೊರಗಿನಿಂದ ಕೈ ಹಾಕುವುದು ಅವುಗಳಿಗೆ ಸಾಧ್ಯವಿಲ್ಲ. ಎಸ್ಕಾರ್ಟ್ ತಂಡಕ್ಕಿರುವ ಬೆಲೆ ಈ ಒಳಗಿನಿಂದ ಕತ್ತರಿಸುವ ವಿದ್ಯೆಯಿಂದ ಬಂದದ್ದು. ಕಡೆಗೆ ವಿಪಿಎಸ್4 ಎಂಬ ಯಂತ್ರದಂಥ ಪ್ರೋಟೀನು ಎಟಿಪಿ ಎಂಬ ಜೀವಕೋಶದ ಇಂಧನ ಸುಟ್ಟು ಆ ಎಳೆಗಳನ್ನು ಒಂದೊಂದಾಗಿ ಕಳಚುತ್ತ ಹೋಗುತ್ತದೆ. ಸುರುಳಿ ಕಿರಿದಾಗುತ್ತದೆ, ಪೊರೆಯ ಎರಡು ಬದಿ ತಾಗುತ್ತವೆ, ಕೂಡುತ್ತವೆ, ವೈರಸ್ಸು ಬಿಡುಗಡೆಯಾಗುತ್ತದೆ. ಹೊಳೆಯುವ ಗುರುತು ಹಚ್ಚಿದ ಪ್ರೋಟೀನುಗಳನ್ನು ಜೀವಂತ ಜೀವಕೋಶದಲ್ಲಿ ಹಿಂಬಾಲಿಸಿದವರು, ಗ್ಯಾಗ್ ಕೂಡಿ ಕಣವಾಗಲು ಹಲವು ನಿಮಿಷ ಬೇಕಾದರೆ ಈ ಕತ್ತರಿಸುವವರು ಕೊನೆಯ ಒಂದೆರಡು ನಿಮಿಷಕ್ಕೆ ಮಾತ್ರ ಬಂದು ಹೋಗುವುದನ್ನು ಕಂಡಿದ್ದಾರೆ.

ಈ ಚೀಟಿಯ ಉಪಾಯ ಎಚ್‌ಐವಿ ಒಂದರದೇ ಸೊತ್ತಲ್ಲ. ಎಬೋಲಾ ವೈರಸ್ಸಿನ ವಿಪಿ40 ಪ್ರೋಟೀನಿನಲ್ಲಿ ಇದೇ ನಾಲ್ಕಕ್ಷರವಿದೆ, ಅದಕ್ಕೆ ಅಂಟಿಕೊಂಡೇ ಇನ್ನೊಂದು ಬಗೆಯ ಚೀಟಿಯೂ ಇದೆ. ಆ ಎರಡನೆಯ ಬಗೆ ನೆಡ್4 ಎಂಬ ಕುಟುಂಬದ ಪ್ರೋಟೀನುಗಳನ್ನು ಕರೆಯುತ್ತದೆ, ಅವು ಎಸ್ಕಾರ್ಟ್ ತಂಡಕ್ಕೆ ದಾರಿ ತೋರಿಸುತ್ತವೆ. ಹುಚ್ಚುನಾಯಿ ರೋಗದ ವೈರಸ್ಸಿನಲ್ಲಿರುವುದು ಈ ಎರಡನೆಯ ಬಗೆ. ಡೆಂಗಿ ವೈರಸ್ಸಿನ ದಾರಿ ಬೇರೆ. ಅದು ಜೀವಕೋಶದ ಹೊರಪೊರೆಯವರೆಗೆ ಬಂದು ಉಬ್ಬುವುದಿಲ್ಲ. ಒಳಗಿನ ಪೊರೆಗಳ ಜಾಲದಲ್ಲೇ ರೂಪ ಪಡೆದು, ಜೀವಕೋಶ ತನ್ನ ಸರಕನ್ನು ಹೊರಗೆ ಸಾಗಿಸುವ ಮಾಮೂಲು ದಾರಿಯಲ್ಲೇ ಪ್ರಯಾಣಿಸುತ್ತದೆ. ದಾರಿಯಲ್ಲಿ ಫ್ಯೂರಿನ್ ಎಂಬ ನಮ್ಮದೇ ಕಿಣ್ವ ಅದರ ಮೈಮೇಲಿನ ಒಂದು ಪ್ರೋಟೀನನ್ನು ಕತ್ತರಿಸಿದರೆ ಮಾತ್ರ ಆ ಕಣಕ್ಕೆ ಮುಂದಿನ ಜೀವಕೋಶಕ್ಕೆ ತಗಲುವ ಶಕ್ತಿ ಬರುತ್ತದೆ. ಸಿಂಧನೂರು, ಗಂಗಾವತಿಯ ಕಡೆ ಸೊಳ್ಳೆಯ ಕಾಲದಲ್ಲಿ ಜ್ವರದಿಂದ ಮಲಗಿದವರ ದೇಹದಲ್ಲಿ ನಡೆಯುವುದೂ ಇದೇ. ಇನ್‌ಫ್ಲುಯೆಂಜಾ ವೈರಸ್ಸು ಮಾತ್ರ ಎಸ್ಕಾರ್ಟ್ ತಂಡದ ಹಂಗಿಲ್ಲದೆ, ತನ್ನದೇ ಎಂ2 ಪ್ರೋಟೀನಿನಿಂದ ಕೊರಳನ್ನು ಕತ್ತರಿಸಿಕೊಳ್ಳುತ್ತದೆ. ಎಲ್ಲ ವೈರಸ್ಸಿಗೂ ಒಂದೇ ಮದ್ದು ಎಂಬ ನಿಮ್ಮ ಆಸೆಗೆ ಮೊದಲ ತೊಡಕು ಇಲ್ಲೇ ಎದುರಾಗುತ್ತದೆ.

ಈಗ ನಿಮ್ಮ ರೊಪ್ಪಕ್ಕೆ ಬರೋಣ. ನೀಲಿನಾಲಿಗೆಯ ವೈರಸ್ಸಿಗೆ ಎಚ್‌ಐವಿಯಂತೆ ಕೊಬ್ಬಿನ ಹೊದಿಕೆಯಿಲ್ಲ. ಪ್ರೋಟೀನಿನ ಕವಚಗಳ ಒಳಗೆ ವಂಶವಾಹಿಗಳನ್ನು ಹೊತ್ತ ಹತ್ತು ತುಂಡು ಆರ್‌ಎನ್‌ಎ, ಅಷ್ಟೇ ಅದರ ಸಂಸಾರ. ಹೊದಿಕೆಯಿಲ್ಲದ ವೈರಸ್ಸು ಜೀವಕೋಶ ಒಡೆದೇ ಹೊರಬರಬೇಕು ಎಂದು ನಾವೂ ಓದುವ ಕಾಲದಲ್ಲಿ ನಂಬಿದ್ದೆವು. ಆದರೆ ಈ ವೈರಸ್ಸಿಗೆ ಎರಡು ಮನೆಗಳಿವೆ. ಒಂದು ಕುರಿ, ಇನ್ನೊಂದು ಅದನ್ನು ಹೊತ್ತು ತಿರುಗುವ ಕ್ಯೂಲಿಕಾಯ್ಡಿಸ್ ಎಂಬ ನುಸಿ, ಒಂದರಿಂದ ಮೂರು ಮಿಲಿಮೀಟರ್ ಉದ್ದದ್ದು. ನುಸಿಯ ಜೀವಕೋಶಗಳಲ್ಲಿ ವೈರಸ್ಸು ಎನ್ಎಸ್3 ಎಂಬ ತನ್ನ ಪ್ರೋಟೀನನ್ನು ಧಾರಾಳವಾಗಿ ತಯಾರಿಸುತ್ತದೆ, ಜೀವಕೋಶಕ್ಕೆ ನೋವಾಗದಂತೆ ಪೊರೆಯಿಂದ ಮೊಗ್ಗಿನ ಹಾಗೆ ಹೊರಬರುತ್ತಿರುತ್ತದೆ. ನುಸಿ ಸಾಯುವುದಿಲ್ಲ, ಬದುಕಿರುವಷ್ಟು ದಿನ ವೈರಸ್ಸನ್ನು ಹಂಚುತ್ತದೆ. ಸಸ್ತನಿಗಳ ಜೀವಕೋಶದಲ್ಲಿ ಇದೇ ಎನ್ಎಸ್3 ಬಹಳ ಕಡಿಮೆ ತಯಾರಾಗುತ್ತದೆ. ಅಲ್ಲಿ ಸ್ವಲ್ಪ ಕಣಗಳು ಪೊರೆಯ ಮೂಲಕ ಹೊರಬಂದರೂ ಬಹುಪಾಲು ಜೀವಕೋಶ ಸತ್ತು ಒಡೆದಾಗಲೇ ಹೊರಬೀಳುತ್ತವೆ. ಕುರಿಯಲ್ಲಿ ಈ ವೈರಸ್ಸಿಗೆ ಪ್ರಿಯವಾದ ಜಾಗ ಸಣ್ಣ ರಕ್ತನಾಳಗಳ ಒಳಗೋಡೆಯ ಜೀವಕೋಶಗಳು. ಅವು ಸತ್ತರೆ ನಾಳ ಸೋರುತ್ತದೆ. ನೀವು ಕಂಡಿರುವ ಊದಿದ ಮೂತಿ, ಕೆಂಪಾಗಿ ಕುಂಟಿಸುವ ಗೊರಸಿನ ಬುಡ, ಕೆಲವೊಮ್ಮೆ ನೀಲಿಗಟ್ಟುವ ನಾಲಿಗೆ ಇವುಗಳ ಹಿಂದೆ ಆ ಸೋರಿಕೆ ಇದೆ. ನುಸಿಯಲ್ಲಿ ಸದ್ದಿಲ್ಲದೆ ಹೊರಡುವ ವೈರಸ್ಸು ಕುರಿಯಲ್ಲಿ ಮನೆ ಕೆಡವಿ ಹೊರಡುತ್ತದೆ. ನಿಮ್ಮ ಪಠ್ಯ ಮತ್ತು ನಿಮ್ಮ ಅಧ್ಯಾಪಕರು ಇಬ್ಬರೂ ಸರಿ ಎಂದದ್ದು ಇದಕ್ಕಾಗಿ.

ಎನ್ಎಸ್3 ಏನು ಮಾಡುತ್ತದೆ ಎಂಬುದನ್ನು ಬಿಡಿಸಿ ತೋರಿಸಿದ್ದರಲ್ಲಿ ಭಾರತೀಯ ಮೂಲದ ವಿಜ್ಞಾನಿ ಪಾಲಿ ರಾಯ್ ಅವರ ಪಾಲು ದೊಡ್ಡದು. ಲಂಡನ್ನಿನಲ್ಲಿ ಕೆಲಸ ಮಾಡುವ ಅವರು ಈ ಒಂದು ವೈರಸ್ಸಿಗೆ ದಶಕಗಳನ್ನೇ ಕೊಟ್ಟವರು. ಎನ್ಎಸ್3 ಪೊರೆಯಲ್ಲಿ ನಾಟಿಕೊಂಡಿರುತ್ತದೆ. ಅದರ ಒಂದು ಕೊನೆ ಹೊಸದಾಗಿ ತಯಾರಾದ ವೈರಸ್ಸಿನ ಹೊರಕವಚವನ್ನು ಹಿಡಿಯುತ್ತದೆ. ಇನ್ನೊಂದು ಕೊನೆ ಪಿ11 ಎಂಬ ಜೀವಕೋಶದ ಪ್ರೋಟೀನನ್ನು ಹಿಡಿಯುತ್ತದೆ ಎಂದು 2002ರಲ್ಲಿ ಅವರ ತಂಡ ತೋರಿಸಿತು. ಪಿ11 ಸಾಮಾನ್ಯವಾಗಿ ಅನೆಕ್ಸಿನ್ ಎಂಬ ಜೊತೆಗಾರನೊಂದಿಗೆ ಸೇರಿ, ಜೀವಕೋಶದ ಸರಕು ತುಂಬಿದ ಗುಳ್ಳೆಗಳನ್ನು ಪೊರೆಯತ್ತ ಸಾಗಿಸುವ ಕೆಲಸದಲ್ಲಿರುತ್ತದೆ. ಎನ್ಎಸ್3 ಹಿಡಿಯುವುದು ಅನೆಕ್ಸಿನ್ ಹಿಡಿಯುವ ಜಾಗವನ್ನೇ. ಇಲ್ಲಿಯೂ ಮತ್ತೆ ಅದೇ ನಕಲು ಚೀಟಿ! 2006ರಲ್ಲಿ ಅದೇ ತಂಡ, ಎನ್ಎಸ್3 ಟಿಎಸ್‌ಜಿ101ನ್ನೂ ಕರೆಯುತ್ತದೆ, ಟಿಎಸ್‌ಜಿ101 ಕಡಿಮೆ ಮಾಡಿದ ಜೀವಕೋಶಗಳಿಂದ ನೀಲಿನಾಲಿಗೆಯ ವೈರಸ್ಸು ಕಡಿಮೆ ಹೊರಬರುತ್ತದೆ ಎಂದು ತೋರಿಸಿತು. ಮನುಷ್ಯರಲ್ಲಿ ಏಡ್ಸ್ ತರುವ ವೈರಸ್ಸೂ ಕುಷ್ಟಗಿಯ ಕುರಿಯ ನಾಲಿಗೆ ನೀಲಿಗಟ್ಟಿಸುವ ವೈರಸ್ಸೂ ಒಂದಕ್ಕೊಂದು ಯಾವ ನಂಟೂ ಇಲ್ಲದವು, ಒಂದಕ್ಕೆ ಹೊದಿಕೆಯಿದೆ, ಇನ್ನೊಂದಕ್ಕಿಲ್ಲ. ಎರಡೂ ಬಂದು ನಿಂತದ್ದು ಒಬ್ಬನೇ ನೀರುಗಂಟಿಯ ಮುಂದೆ. ಇಷ್ಟು ವರ್ಷಗಳ ಮೇಲೂ ಈ ಸಂಗತಿ ನನ್ನನ್ನು ಬೆರಗುಗೊಳಿಸುತ್ತದೆ.

ಹಾಗಾದರೆ ಆ ನೀರುಗಂಟಿಯನ್ನೇ ಕೆಲಸದಿಂದ ತೆಗೆದರೆ? ನಿಮ್ಮ ಎರಡನೆಯ ಪ್ರಶ್ನೆ ಇದು, ನ್ಯಾಯವಾದ ಪ್ರಶ್ನೆ. ತೊಂದರೆ ಏನೆಂದರೆ ಅವನು ಬರೀ ಒಂದು ತೂಬು ಕಾಯುತ್ತಿಲ್ಲ. ಒಂದು ಜೀವಕೋಶ ಎರಡಾಗುವಾಗ ಕೊನೆಗೆ ಎರಡರ ನಡುವೆ ಉಳಿಯುವ ಸಣ್ಣ ಸೇತುವೆಯನ್ನು ಕತ್ತರಿಸುವುದು ಇದೇ ಎಸ್ಕಾರ್ಟ್ ತಂಡ. 2007ರಲ್ಲಿ ಇದು ತಿಳಿಯಿತು. ನಿಮ್ಮ ಎಲುಬಿನ ಮಜ್ಜೆ ಪ್ರತಿ ಸೆಕೆಂಡಿಗೆ ಸುಮಾರು 20 ಲಕ್ಷ ಕೆಂಪು ರಕ್ತಕಣಗಳನ್ನು ಹುಟ್ಟಿಸುತ್ತದೆ. ಅವುಗಳ ಹಿಂದಿನ ಒಂದೊಂದು ವಿಭಜನೆಗೂ ಈ ದಾರ ಬೇಕು. ಜೀವಕೋಶದ ಪೊರೆಗೆ ಗಾಯವಾದರೆ ಮುಚ್ಚಲು, ವಿಭಜನೆಯ ಬಳಿಕ ಕೋಶಕೇಂದ್ರದ ಹೊದಿಕೆಯ ಬಿರುಕು ಬೆಸೆಯಲು ಕೂಡ ಇದೇ ತಂಡ ಬರುತ್ತದೆ. ಬಿಸಿನೀರಿನ ಬುಗ್ಗೆಗಳಲ್ಲಿ ಬದುಕುವ ಆರ್ಕಿಯಾ ಎಂಬ ಸೂಕ್ಷ್ಮಜೀವಿಗಳೂ ಇದರ ಬಂಧುಗಳನ್ನು ಬಳಸಿಯೇ ಎರಡಾಗುತ್ತವೆ. ಅಷ್ಟು ಹಳೆಯದು ಈ ವಿದ್ಯೆ. ಕುರಿ, ಮನುಷ್ಯ, ಯೀಸ್ಟ್ ಎಲ್ಲರಿಗಿಂತ ಹಿಂದಿನದು. ಟಿಎಸ್‌ಜಿ101 ಇಲ್ಲದ ಇಲಿಮರಿಗಳು ತಾಯಿಯ ಗರ್ಭದಲ್ಲಿ ಮೊದಲ ದಿನಗಳಲ್ಲೇ ಸಾಯುತ್ತವೆ. ವೈರಸ್ಸು ನಕಲು ಮಾಡಲು ಇದೇ ಚೀಟಿಯನ್ನು ಆರಿಸಿಕೊಂಡದ್ದರಲ್ಲಿ ಅದರ ಭದ್ರತೆಯಿದೆ: ದೇಹ ಈ ಬಾಗಿಲನ್ನು ಮುಚ್ಚಲಾರದು.

ಆದರೂ ಹೊರಬರುವ ಹಂತವನ್ನು ತಡೆಯುವ ಔಷಧವೇ ಇಲ್ಲ ಎಂದುಕೊಳ್ಳಬೇಡಿ. 2009ರ ಎಚ್1ಎನ್1 ಜ್ವರದ ಕಾಲದಲ್ಲಿ ಎಲ್ಲರ ಬಾಯಲ್ಲಿದ್ದ ಟ್ಯಾಮಿಫ್ಲೂ ಮಾತ್ರೆ ಅಂಥದ್ದೇ. ಇನ್‌ಫ್ಲುಯೆಂಜಾ ಕಣ ಹೊರಬಂದರೂ ಜೀವಕೋಶದ ಮೈಮೇಲಿನ ಸಕ್ಕರೆಯ ಅಣುಗಳಿಗೆ ಅಂಟಿಕೊಂಡೇ ಇರುತ್ತದೆ. ನ್ಯೂರಮಿನಿಡೇಸ್ ಎಂಬ ತನ್ನ ಕಿಣ್ವದಿಂದ ಆ ಸಕ್ಕರೆಯನ್ನು ಕತ್ತರಿಸಿದರೆ ಮಾತ್ರ ಅದಕ್ಕೆ ಬಿಡುಗಡೆ. ಮಾತ್ರೆ ಆ ಕಿಣ್ವದ ಬಾಯಿ ಕಟ್ಟುತ್ತದೆ. ಇದು ವೈರಸ್ಸಿನ ಸ್ವಂತ ಕತ್ತರಿಯನ್ನು ಹಿಡಿಯುವ ಔಷಧವಾದ್ದರಿಂದ ನಮ್ಮ ಜೀವಕೋಶಕ್ಕೆ ಹಾನಿ ಕಡಿಮೆ. ಆದರೆ ವೈರಸ್ಸು ತನ್ನ ಕತ್ತರಿಯ ಆಕಾರವನ್ನು ಬದಲಿಸಿಕೊಳ್ಳಬಲ್ಲದು, 2009ಕ್ಕೆ ಸ್ವಲ್ಪ ಮುಂಚೆ ಓಡಾಡುತ್ತಿದ್ದ ಹಳೆಯ ಎಚ್1ಎನ್1 ತಳಿ ಹಾಗೆ ಬದಲಾಗಿ ಮಾತ್ರೆಗೆ ಬಗ್ಗದಂತಾಗಿತ್ತು. ವಿಜ್ಞಾನಿಗಳ ಕಣ್ಣು ಜೀವಕೋಶದ ಪ್ರೋಟೀನುಗಳ ಮೇಲೆ ಬಿದ್ದದ್ದು ಈ ಕಾರಣಕ್ಕೆ. ವೈರಸ್ಸು ತನ್ನದನ್ನು ದಿನಕ್ಕೊಂದು ಬಗೆ ಬದಲಿಸಬಹುದು, ನಮ್ಮ ಪ್ರೋಟೀನನ್ನು ಬದಲಿಸಲಾರದು.

ಸಿಡುಬಿನ ಕುಟುಂಬದ ವ್ಯಾಕ್ಸೀನಿಯಾ ವೈರಸ್ಸಿನ ಮೇಲೆ ಇಂಥ ಒಂದು ಪ್ರಯತ್ನ ನಡೆಯಿತು. ನಮ್ಮ ದನಗಳನ್ನು 2022ರಲ್ಲಿ ಕಾಡಿದ ಚರ್ಮಗಂಟು ರೋಗದ ವೈರಸ್ಸೂ ಇದೇ ಕುಟುಂಬದ್ದು. ವ್ಯಾಕ್ಸೀನಿಯಾ ಜೀವಕೋಶದ ಪೊರೆಯ ಬಳಿ ಬಂದು, ಜೀವಕೋಶದ್ದೇ ಆಕ್ಟಿನ್ ಎಂಬ ಪ್ರೋಟೀನಿನ ಎಳೆಗಳನ್ನು ತನ್ನ ಕೆಳಗೆ ಬೆಳೆಸಿ, ಆ ಎಳೆ ನೂಕಿದ ರಭಸಕ್ಕೆ ಪಕ್ಕದ ಜೀವಕೋಶದತ್ತ ಚಿಮ್ಮುತ್ತದೆ. ಇದಕ್ಕೆ ಜೀವಕೋಶದ ಕೆಲವು ಕಿಣ್ವಗಳು ಬೇಕು. ರಕ್ತದ ಕ್ಯಾನ್ಸರಿಗೆ ಕೊಡುವ ಇಮಾಟಿನಿಬ್ ಎಂಬ ಔಷಧ ಅದೇ ಕಿಣ್ವಗಳ ಪೈಕಿ ಕೆಲವನ್ನು ತಡೆಯುತ್ತದೆ. 2005ರಲ್ಲಿ ಅದನ್ನು ಇಲಿಗಳಿಗೆ ಕೊಟ್ಟಾಗ ವೈರಸ್ಸಿನ ಹರಡುವಿಕೆ ತಗ್ಗಿತು. ಪೊರೆಯಿಂದ ಹೊರಬೀಳಲು ಬೇಕಾದ ಹೊದಿಕೆಯನ್ನೇ ತಪ್ಪಿಸುವ ಟೆಕೊವಿರಿಮ್ಯಾಟ್ ಎಂಬ ಇನ್ನೊಂದು ಔಷಧಕ್ಕೆ 2018ರಲ್ಲಿ ಅಮೆರಿಕ ಸಿಡುಬಿನ ಚಿಕಿತ್ಸೆಗಾಗಿ ಒಪ್ಪಿಗೆ ಕೊಟ್ಟಿತು. ಆದರೆ ಸಿಡುಬಿನದೇ ಕುಟುಂಬದ ಮಂಕಿಪಾಕ್ಸ್ ರೋಗಿಗಳಲ್ಲಿ ಪರೀಕ್ಷಿಸಿದಾಗ ಗಾಯಗಳು ಬೇಗ ಮಾಯಲಿಲ್ಲ. ಪ್ರಯೋಗಾಲಯದ ಬಟ್ಟಲಿನಿಂದ ರೋಗಿಯ ಮಂಚಕ್ಕಿರುವ ದೂರ ಅಷ್ಟಿದೆ. ಆಸಿಡಿಟಿಗೆ ನುಂಗುವ ಮಾತ್ರೆಗಳ ಕುಟುಂಬದ ಕೆಲವು ಅಣುಗಳು ಟಿಎಸ್‌ಜಿ101ಕ್ಕೆ ಅಂಟಿ ಎಚ್‌ಐವಿ ಹೊರಬರುವುದನ್ನು ಬಟ್ಟಲಿನಲ್ಲಿ ತಡೆದದ್ದೂ ಉಂಟು. ಅದನ್ನು ಓದಿ ಯಾರೂ ವೈರಸ್ ಜ್ವರಕ್ಕೆ ಆಸಿಡಿಟಿ ಮಾತ್ರೆ ನುಂಗಬಾರದು, ಕುರಿಗೂ ತಿನ್ನಿಸಬಾರದು. ಇದನ್ನು ನಾನು ಕೈ ಮುಗಿದು ಹೇಳುತ್ತೇನೆ.

ಈ ವಿಷಯದಲ್ಲಿ ನನಗೆ ಎಲ್ಲಕ್ಕಿಂತ ಹೆಚ್ಚು ಭರವಸೆ ಕೊಟ್ಟ ಸುದ್ದಿ 2021ರದು. ದಕ್ಷಿಣ ಅಮೆರಿಕದ ಅಳಿಲುಕೋತಿ ಎಂಬ ಮಂಗಗಳಲ್ಲೂ ಇಲಿಗಳಲ್ಲೂ ಎಸ್ಕಾರ್ಟ್ ತಂಡದ ಸಿಎಚ್‌ಎಂಪಿ3 ಎಂಬ ಪ್ರೋಟೀನಿನ ವಂಶವಾಹಿಗೆ ಒಂದು ಹೆಚ್ಚುವರಿ, ಬಾಲ ಮೊಟಕಾದ ಪ್ರತಿ ಇದೆ ಎಂದು ಸಂಡ್‌ಕ್ವಿಸ್ಟ್ ಅವರೂ ಸಂಗಡಿಗರೂ ತೋರಿಸಿದರು. ಈ ಮೊಟಕು ಪ್ರತಿ ಕತ್ತರಿಸುವ ಕೆಲಸವನ್ನು ಸ್ವಲ್ಪ ತಡವಾಗಿಸುತ್ತದೆ. ಜೀವಕೋಶ ಎರಡಾಗುವುದಕ್ಕೆ ಆ ಸ್ವಲ್ಪ ತಡ ಭಾರವಾಗುವುದಿಲ್ಲ. ವೈರಸ್ಸಿಗೆ ಭಾರವಾಗುತ್ತದೆ, ಅದು ಕೊರಳಿಗೇ ನೇತುಬಿದ್ದು ಉಳಿಯುತ್ತದೆ. ನೀರುಗಂಟಿಯನ್ನು ತೆಗೆಯುವುದು ಬೇಡ, ಅವನ ಕೈ ತುಸು ನಿಧಾನವಾದರೆ ಸಾಕು! ಎರಡು ಬೇರೆ ಬೇರೆ ಪ್ರಾಣಿಗಳಲ್ಲಿ ಪ್ರಕೃತಿ ಇದನ್ನು ಬೇರೆ ಬೇರೆಯಾಗಿಯೇ ಕಂಡುಕೊಂಡಿದೆ. ಇದನ್ನು ಮಾತ್ರೆಯಾಗಿಸುವ ದಾರಿ ಇನ್ನೂ ಉದ್ದವಿದೆ, ಆದರೆ ದಾರಿಯಂತೂ ಕಂಡಿದೆ. 'ಎಲ್ಲ ವೈರಸ್ ರೋಗಗಳಿಗೂ' ಎಂಬುದನ್ನು ಬಿಟ್ಟು 'ಈ ದಾರ ಬಳಸುವ ಹಲವು ವೈರಸ್ಸುಗಳಿಗೆ' ಎಂದು ತಿದ್ದಿಕೊಂಡರೆ ನಿಮ್ಮ ಯೋಚನೆಯಲ್ಲಿ ತಪ್ಪಿಲ್ಲ.

ದೇಹ ಕೈ ಕಟ್ಟಿ ಕುಳಿತಿರುತ್ತದೆ ಎಂದು ತಿಳಿಯಬೇಡಿ. ಇಂಟರ್‌ಫೆರಾನ್ ಎಂಬ ಅಪಾಯದ ಸಂಕೇತ ಬಂದೊಡನೆ ಜೀವಕೋಶಗಳು ಟೆದರಿನ್ ಎಂಬ ಪ್ರೋಟೀನನ್ನು ಹೆಚ್ಚು ತಯಾರಿಸುತ್ತವೆ. 2008ರಲ್ಲಿ ಇದರ ಕೆಲಸ ತಿಳಿಯಿತು. ಅದರ ಒಂದು ತುದಿ ಜೀವಕೋಶದ ಪೊರೆಯಲ್ಲಿ, ಇನ್ನೊಂದು ತುದಿ ಹೊರಟ ವೈರಸ್ಸಿನ ಹೊದಿಕೆಯಲ್ಲಿ. ಗೂಟಕ್ಕೆ ಕಟ್ಟಿದ ಕುರಿಯಂತೆ ವೈರಸ್ಸು ಬಿಡುಗಡೆಯಾದರೂ ಹೋಗಲಾರದು. ಎಚ್‌ಐವಿ ಇದಕ್ಕೆಂದೇ ವಿಪಿಯು ಎಂಬ ಪ್ರೋಟೀನು ಬಿಟ್ಟು ಆ ಹಗ್ಗವನ್ನು ತೆಗೆಸುತ್ತದೆ. ನಮ್ಮಲ್ಲಿ ಟೆದರಿನ್‌ಗೆ ಒಂದೇ ವಂಶವಾಹಿ, ಕುರಿಗಳಲ್ಲಿ ಎರಡು. ನಿಮ್ಮ ಕೆಂಗುರಿಗಳ ಮೈಯಲ್ಲಿ ಈ ಹಗ್ಗ ಎರಡು ಬಗೆಯದಿದೆ. ದುರ್ದೈವವೆಂದರೆ ಅದು ಕಟ್ಟುವುದು ಹೊದಿಕೆಯುಳ್ಳ ವೈರಸ್ಸುಗಳನ್ನು. ಹೊದಿಕೆಯಿಲ್ಲದೆ, ಮನೆ ಕೆಡವಿ ಹೊರಬೀಳುವ ನೀಲಿನಾಲಿಗೆಯ ಕಣಕ್ಕೆ ಗಂಟು ಬೀಳಲು ಜಾಗವಿಲ್ಲ.

ಹಾಗಾಗಿ ನಿಮ್ಮ ಮಂದೆಗೆ ಇಂದು ಬೇಕಾದ ತಡೆ ಜೀವಕೋಶದ ಒಳಗಿನದಲ್ಲ, ರೊಪ್ಪದ ಹೊರಗಿನದು. ಈ ರೋಗದ ವೈರಸ್ಸಿನಲ್ಲಿ ಇಪ್ಪತ್ತಕ್ಕೂ ಹೆಚ್ಚು ಬಗೆಗಳಿವೆ. ನಮ್ಮ ದೇಶದಲ್ಲಿ ಐದು ಬಗೆಗಳಿಗೆ ಒಟ್ಟಾಗಿ ಕೊಡುವ ಲಸಿಕೆಯಿದೆ. ಅದನ್ನು ನುಸಿಯ ಕಾಲ ಬರುವ ಮುಂಚೆಯೇ ಹಾಕಿಸಬೇಕು, ರೋಗ ಕಾಣಿಸಿದ ಮೇಲೆ ಅಲ್ಲ. ನುಸಿ ಹುಟ್ಟುವುದು ಸಗಣಿ ಬೆರೆತ ಒದ್ದೆ ಮಣ್ಣಿನಲ್ಲಿ, ಕಚ್ಚುವುದು ಮುಸ್ಸಂಜೆಯಿಂದ ನಸುಕಿನವರೆಗೆ. ಕಾಲುವೆ, ಕೆರೆಯ ಬದುವಿನಲ್ಲಿ ರಾತ್ರಿ ಮಂದೆ ನಿಲ್ಲಿಸುವುದನ್ನು ಮಳೆಗಾಲದಲ್ಲಿ ಬಿಡಿ, ಎತ್ತರದ ಒಣ ಜಾಗಕ್ಕೆ ಹೋಗಿ. ನೀರಿನ ತೊಟ್ಟಿಯ ಸುತ್ತ ಕೆಸರು ನಿಲ್ಲದಂತೆ ಮೊರಂ ಹಾಕಿ. ಸೊಳ್ಳೆಪರದೆಯನ್ನು ನಂಬಬೇಡಿ, ಅದರ ಕಣ್ಣಿಯಲ್ಲಿ ನುಸಿ ತೂರಿ ಬರುತ್ತದೆ. ಎತ್ತು, ಆಕಳುಗಳು ರೋಗದ ಲಕ್ಷಣವನ್ನೇ ತೋರಿಸದೆ ವಾರಗಟ್ಟಲೆ ಈ ವೈರಸ್ಸನ್ನು ರಕ್ತದಲ್ಲಿ ಇಟ್ಟುಕೊಂಡಿರುತ್ತವೆ, ನುಸಿ ಅಲ್ಲಿಂದ ತುಂಬಿಕೊಂಡು ಕುರಿಗೆ ಬರುತ್ತದೆ. ದನದ ಕೊಟ್ಟಿಗೆಗೆ ಒತ್ತಿಕೊಂಡೇ ರೊಪ್ಪ ಇದ್ದರೆ ಎರಡರ ನಡುವೆ ಸಾಧ್ಯವಾದಷ್ಟು ಅಂತರ ಮಾಡಿ.

ಮುಂದಿನ ಸಲ ಒಂದು ಕುರಿ ಜ್ವರ ಬಂದು, ಮೂತಿ ಊದಿ, ಜೊಲ್ಲು ಸುರಿಸುತ್ತ ಮೇವು ಬಿಟ್ಟರೆ ಅದನ್ನು ನೆರಳಿನಲ್ಲಿ ಬೇರೆ ಕಟ್ಟಿ, ಮೆತ್ತನೆಯ ಹಸಿ ಮೇವು ಕೊಡಿ. ಅದೇ ದಿನ ಪಶುವೈದ್ಯರನ್ನು ಕರೆಸಿ, ಜ್ವರ ಏರಿರುವಾಗಲೇ ರಕ್ತದ ಮಾದರಿ ತೆಗೆಸಿ. ಸತ್ತ ಮೇಲೆ ಹೂಳಿದ ಕುರಿ ನಮಗೆ ಏನನ್ನೂ ಹೇಳುವುದಿಲ್ಲ; ಜ್ವರದ ದಿನದ ರಕ್ತ, ಇಪ್ಪತ್ತು ಚಿಲ್ಲರೆ ಬಗೆಗಳಲ್ಲಿ ಯಾವುದು ನಿಮ್ಮ ಊರಿಗೆ ಬಂದಿದೆ, ಲಸಿಕೆಯ ಆ ಐದರಲ್ಲಿ ಅದು ಇದೆಯೋ ಇಲ್ಲವೋ ಎಂಬುದನ್ನು ಹೇಳುತ್ತದೆ.